ಕೊನೆಕೊಯ್ಲು, ತಾಳಮದ್ದಲೆ ಮತ್ತು ನಮ್ಮ ಪ್ಲೇಸ್‌ಮೆಂಟ್

ಫೈನಲ್ ಇಯರ್ ಸೀನಿಯರ್‌ಗಳ ರೂಮಿಗೆ ಹೋದ್ರೆ ಒಂದು ವಿಷಯ ಗಮನಿಸಿರ್ತೀರಿ. ಗಿಟಾರ್ ಮಂಚದ ಕೆಳಗೆ ಸೇರಿರುತ್ತೆ. ಸೆಕೆಂಡ್ ಇಯರಲ್ಲಿ ಫೆಸ್ಟಿಗೆ ಪೋಸ್ಟರ್ ಮಾಡ್ತಿದ್ದವರ ಬ್ರಷ್ ಒಣಗಿ ಕಡ್ಡಿ ಆಗಿರುತ್ತೆ. ಯಾಕೆ ಅಂತ ಕೇಳಿದ್ರೆ, "ಮೊದ್ಲು ಜಾಬ್ ಆಗ್ಲಿ, ಆಮೇಲೆ ನೋಡೋಣ" ಅಂತಾರೆ. ಜಾಬ್ ಆಗಿ ಎರಡು ವರ್ಷ ಆದವರನ್ನ ಕೇಳಿದ್ರೆ, ವೀಕೆಂಡಲ್ಲಿ ನಿದ್ದೆ ಆದ್ರೆ ಸಾಕಾಗಿದೆ ಅಂತಾರೆ. ಅಂದ್ರೆ ಆ "ಆಮೇಲೆ" ಎಲ್ಲಿದೆ ಅನ್ನೋದು ಯಾರಿಗೂ ಗೊತ್ತಿಲ್ಲ. ಇನ್ನು ಮೂರು ಸೆಮಿಸ್ಟರ್ ಕಳೆದ್ರೆ ನಾವೂ ಅಲ್ಲೇ ನಿಂತಿರ್ತೀವಿ.

ಇದಕ್ಕೆ ಸಾಮಾನ್ಯವಾಗಿ ಸಿಗೋ ಸಲಹೆ ಒಂದೇ: ದಿನಾ ಅರ್ಧ ಗಂಟೆ ಎತ್ತಿಡಿ, ಬೆಳಿಗ್ಗೆ ಐದಕ್ಕೆ ಎದ್ದೇಳಿ. ಸಲಹೆ ಕೆಟ್ಟದ್ದೇನಲ್ಲ. ಆದ್ರೆ ಇಂಟರ್ನಲ್ಸ್ ವಾರದಲ್ಲೇ ನಮ್ಮಿಂದ ಅದು ನಡೆಯಲ್ಲ, ಇನ್ನು ರಿಲೀಸ್ ವಾರದಲ್ಲಿ ನಡೆಯುತ್ತಾ? ನಮ್ಮೂರ ಕಡೆ ಇದಕ್ಕಿಂತ ಹಳೆಯ ಲೆಕ್ಕ ಒಂದಿದೆ. ಅಲ್ಲಿ ಯಾರೂ ದಿನದ ಲೆಕ್ಕ ಇಡಲ್ಲ, ವರ್ಷದ ಲೆಕ್ಕ ಇಡ್ತಾರೆ.

ನಮ್ಮೂರು ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿ ಕಡೆ. ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಮನೆ, ಅದರಾಚೆ ಬೆಟ್ಟ. ತೋಟದ ಕೆಲಸ ಅಂದ್ರೆ ಆರಾಮದ ಕೆಲಸ ಅಂತ ಬೆಂಗಳೂರಿನ ಫ್ರೆಂಡ್ಸ್ ಅಂದ್ಕೊಂಡಿರ್ತಾರೆ. ಚಳಿಗಾಲದಲ್ಲಿ ಬಂದು ನೋಡಬೇಕು. ಕೊನೆಗೌಡ ಮರದಿಂದ ಮರಕ್ಕೆ ದಾಟ್ತಾ ಕೊನೆ ಇಳಿಸ್ತಾನೆ, ಹಗಲೆಲ್ಲ ಹೊತ್ತು ತರೋದು, ರಾತ್ರಿ ಸುಲಿಯೋದು, ಬೇಯಿಸೋದು, ಒಣಗಿಸೋದು. ಕೊಯ್ದ ಅಡಿಕೆ ನಿಮ್ಮ ಮೂಡ್ ನೋಡಿಕೊಂಡು ಕಾಯಲ್ಲ. ಮಳೆಗಾಲದಲ್ಲಿ ಕೊಳೆರೋಗ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನ ಮಳೆ ಬಿಟ್ಟ ಗಳಿಗೆಯಲ್ಲೇ ಹೊಡೀಬೇಕು. ತಪ್ಪಿದ್ರೆ ವರ್ಷದ ಫಸಲಿಗೇ ಪೆಟ್ಟು. ನಮ್ಮ ಡೆಡ್‌ಲೈನ್ ಪ್ರೊಫೆಸರ್ ಹತ್ರ ಕೇಳಿದ್ರೆ ಎರಡು ದಿನ ಮುಂದೆ ಹೋಗಬಹುದು, ಇದು ಹೋಗಲ್ಲ.

ಇಷ್ಟು ಕೆಲಸ ಇರೋ ಜನರ ಜಗುಲಿಯಲ್ಲೇ ತಾಳಮದ್ದಲೆ ಉಳಿದು ಬಂದಿರೋದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಇದು ಯಕ್ಷಗಾನದ್ದೇ ಇನ್ನೊಂದು ರೂಪ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳ ಇಲ್ಲ. ಭಾಗವತರು ಹಾಡ್ತಾರೆ, ಮದ್ದಲೆ, ಚಂಡೆ ಜೊತೆಗಿರುತ್ತೆ. ಎದುರಿಗೆ ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳು ಪಾತ್ರವಾಗಿ ಮಾತಾಡ್ತಾರೆ. ಪದ್ಯ ಮಾತ್ರ ಪ್ರಸಂಗದ ಪುಸ್ತಕದಲ್ಲಿ ಇರೋದು, ಮಾತು ಅಲ್ಲೇ ಹುಟ್ಟಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪದ್ಯ ಇಂಟರ್‌ಫೇಸ್, ಅರ್ಥ ಇಂಪ್ಲಿಮೆಂಟೇಷನ್. ಇಬ್ಬರು ಅರ್ಥಧಾರಿಗಳ ಕೋಡ್ ಯಾವತ್ತೂ ಒಂದೇ ಇರಲ್ಲ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ರಾಮನನ್ನ ಕೇಳ್ತಾನೆ. ಆ ರಾತ್ರಿ ವಾಲಿ ಎಷ್ಟು ಜೋರಾಗಿ ಕೇಳ್ತಾನೋ, ರಾಮ ಅಷ್ಟೇ ಜೋರಾಗಿ ಉತ್ತರ ಹುಡುಕಬೇಕು. ಉತ್ತರ ಸಿಗದ ರಾಮನನ್ನೂ ನಾವು ನೋಡಿದ್ದೇವೆ!

ಈಗ ಇದರ ರಚನೆ ಗಮನಿಸಿ. ವೇಷ ಕಟ್ಟಲು ಗಂಟೆಗಟ್ಟಲೆ ಬೇಡ. ರಿಹರ್ಸಲ್‌ಗೆ ಹತ್ತು ಜನ ತಿಂಗಳುಗಟ್ಟಲೆ ಸೇರಬೇಕಿಲ್ಲ. ಒಂದು ಜಗುಲಿ, ಒಂದು ಕವಳದ ಬಟ್ಟಲು, ನಾಲ್ಕು ಜನ ಅರ್ಥ ಹೇಳೋರು, ಹಿಮ್ಮೇಳ, ಅಷ್ಟೇ. ತಯಾರಿ ಎಲ್ಲಿ ನಡೆಯುತ್ತೆ ಅಂದ್ರೆ ಕೆಲಸದ ನಡುವೆ. ಅಡಿಕೆ ಸುಲಿಯುವಾಗ ಕೈ ತನ್ನಷ್ಟಕ್ಕೆ ಓಡ್ತಾ ಇರುತ್ತೆ, ತಲೆ ಖಾಲಿ ಇರುತ್ತೆ. ಕರ್ಣ ಕೃಷ್ಣನಿಗೆ ಏನು ಹೇಳಬೇಕು ಅಂತ ಅಲ್ಲೇ ಯೋಚನೆ ಆಗುತ್ತೆ, ಪಕ್ಕದಲ್ಲಿ ಕೂತವರು ಎದುರು ಪ್ರಶ್ನೆ ಹಾಕ್ತಾರೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿರ್ತವೆ, ಸಂಜೆ ಆದಮೇಲೆ ತೋಟದಲ್ಲೂ ಕೆಲಸ ಇರಲ್ಲ. ಆಗ ತಾಳಮದ್ದಲೆಯ ಕಾಲ. ಕೊಯ್ಲು ಜೋರಾದಾಗ ಪ್ರಸಂಗದ ಪುಸ್ತಕ ಮುಚ್ಚಿಟ್ಟರೆ ಯಾರಿಗೂ ತಪ್ಪಿತಸ್ಥ ಭಾವನೆ ಇಲ್ಲ. "ನಾನು ಕಲೆ ಬಿಟ್ಟುಬಿಟ್ಟೆ" ಅಂತ ಯಾರೂ ಸ್ಟೇಟಸ್ ಹಾಕಲ್ಲ. ಮಳೆ ಬಂದೇ ಬರುತ್ತೆ ಅಂತ ಗೊತ್ತು.

ಇನ್ನೊಂದು ವಿಷಯ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಶನಿವಾರ ರಾತ್ರಿ ಸುಗ್ರೀವನ ಪಾತ್ರ ನಿಮ್ಮದು ಅಂತ ನಿಗದಿಯಾಗಿದ್ರೆ ನೀವು ಹೋಗಲೇಬೇಕು, ಯಾಕಂದ್ರೆ ನೀವಿಲ್ಲದೆ ವಾಲಿ ಯಾರ ಜೊತೆ ಜಗಳ ಆಡೋದು? ಒಬ್ಬರೇ ರೂಮಲ್ಲಿ ಕೂತು ಪ್ರಾಕ್ಟೀಸ್ ಮಾಡೋ ಗಿಟಾರಿಗೆ ಈ ಒತ್ತಾಯ ಇಲ್ಲ. ಶಿಸ್ತು ಕಮ್ಮಿ ಅಂತ ನಮ್ಮನ್ನ ನಾವೇ ಬೈದುಕೊಳ್ತೀವಲ್ಲ, ಬಹಳ ಸಲ ಕಮ್ಮಿ ಇರೋದು ಶಿಸ್ತಲ್ಲ, ಎದುರಿಗೆ ಕಾಯೋ ಜನ.

ಆದ್ರೆ ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಅಪ್ಪ, ಮಾವ, ದೊಡ್ಡಪ್ಪ ಎಲ್ಲ ಜಗುಲಿಯಲ್ಲಿ ಧರ್ಮಾಧರ್ಮ ಚರ್ಚೆ ಮಾಡುವಾಗ ಒಳಗೆ ಮೂವತ್ತು ಜನರಿಗೆ ಚಾ, ಅವಲಕ್ಕಿ ಮಾಡ್ತಾ ಇದ್ದವರು ಯಾರು? ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದವರು ಯಾರು? ಗಂಡಸರ ಆ ಬಿಡುವು ಹೆಂಗಸರ ಕೆಲಸದಿಂದ ಹುಟ್ಟಿದ್ದು. ಈಗ ನಮ್ಮ ಕಡೆ ಮಹಿಳಾ ತಾಳಮದ್ದಲೆ ತಂಡಗಳು ಇವೆ, ಅವರ ವಾದ ಕೇಳೋಕೆ ಒಳ್ಳೆ ಖಾರವಾಗಿಯೂ ಇರುತ್ತೆ. ಆದರೆ ಅವರು ಹೊರಟ ರಾತ್ರಿ ಅಡುಗೆಮನೆ ಯಾರ ಪಾಲಿಗೆ ಅನ್ನೋದು ಎಲ್ಲ ಮನೆಯಲ್ಲೂ ಇನ್ನೂ ತೀರ್ಮಾನ ಆಗಿಲ್ಲ. ನಾಳೆ ನಾವು ಕೆಲಸದ ಜೊತೆ ಹವ್ಯಾಸ ಉಳಿಸಿಕೊಂಡೆವು ಅಂತ ಹೇಳುವಾಗ, ಪಾತ್ರೆ ತೊಳೆದವರು ಯಾರು ಅಂತಲೂ ಕೇಳಿಕೊಳ್ಳಬೇಕು.

ತೋಟ ಸ್ವಂತದ್ದು, ಮೇಲೆ ಮ್ಯಾನೇಜರ್ ಇಲ್ಲ, ಸಂಬಳದ ಕೆಲಸಕ್ಕೆ ಇದು ಹೊಂದುತ್ತಾ ಅಂತ ನೀವು ಕೇಳಬಹುದು. ಹೊಂದಿಸಿದವರು ಇದ್ದಾರೆ. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡ್ತಾ ಅರ್ಥಧಾರಿಯಾಗಿ, ಯಕ್ಷಗಾನ ವಿಮರ್ಶಕರಾಗಿ ಹೆಸರು ಮಾಡಿದವರು. ನಮ್ಮ ಸೀಮೆಯವರೇ ಆದ ಉಮಾಕಾಂತ ಭಟ್ಟ ಕೆರೇಕೈ ಮೇಲುಕೋಟೆಯಲ್ಲಿ ಸಂಸ್ಕೃತ ಪಾಠ ಹೇಳ್ತಾ ಅರ್ಥ ಹೇಳಿದವರು. ಎಂಜಿನಿಯರ್ ಬೇಕಾ? ಯಶವಂತ ಚಿತ್ತಾಲರು ಇದ್ದಾರೆ. 1928ರಲ್ಲಿ ನಮ್ಮದೇ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿದವರು, ಕೆಮಿಕಲ್ ಟೆಕ್ನಾಲಜಿ ಓದಿ ಮುಂಬೈಯಲ್ಲಿ ಪಾಲಿಮರ್ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಅಣ್ಣ ಗಂಗಾಧರ ಚಿತ್ತಾಲರು ಕವಿ, ಕೆಲಸ ಸರ್ಕಾರದ ಆಡಿಟ್ ಇಲಾಖೆಯಲ್ಲಿ. ಯಶವಂತರ 'ಶಿಕಾರಿ' ಕಾದಂಬರಿ ಬಂದದ್ದು 1979ರಲ್ಲಿ. ಅದರ ನಾಗಪ್ಪ ಕೆಮಿಕಲ್ ಕಂಪನಿಯೊಂದರಲ್ಲಿ ಸಸ್ಪೆಂಡ್ ಆದ ಟೆಕ್ನಿಕಲ್ ಮನುಷ್ಯ. ಆಫೀಸಿನ ಭಯ, ಒಳಸಂಚು, ಎಲ್ಲ ಅದರಲ್ಲಿದೆ. ಅಂದ್ರೆ ಕೆಲಸ ಬರವಣಿಗೆಯ ಸಮಯ ತಿಂದಿದ್ರೂ, ಬರೆಯೋಕೆ ಸಾಮಾನನ್ನೂ ಕೊಟ್ಟಿದೆ. ಕ್ಯಾಂಪಸ್ ಇಂಟರ್‌ವ್ಯೂ ಮೊದಲು ಓದಬೇಡಿ, ಭಯ ಆಗುತ್ತೆ. ಆಮೇಲೆ ಖಂಡಿತ ಓದಿ.

ಸಿದ್ದಾಪುರ ದಾಟಿದ್ರೆ ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರೇ. 1949ರಲ್ಲಿ ಊರವರು ಸೇರಿ ಶುರು ಮಾಡಿದ ನೀನಾಸಂ, ಮುಂದೆ ಫಿಲ್ಮ್ ಸೊಸೈಟಿ, ನಾಟಕ ಶಾಲೆ ಎಲ್ಲ ಕಟ್ಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯೂ ಒಬ್ಬರ ಹವ್ಯಾಸ ಅಂತ ಉಳಿಯದೆ ಊರಿನ ಕೆಲಸ ಆದದ್ದರಿಂದಲೇ ಅದು ಬಾಳಿತು ಅಂತ ನಮ್ಮ ಅಂದಾಜು.

ಹಾಗಂತ ಐಟಿ ಕೆಲಸಕ್ಕೆ ಮಳೆಗಾಲ ಇಲ್ಲ, ಅದು ನಿಜ. ನಮ್ಮ ಋತುವನ್ನ ನಾವೇ ಮಾಡಿಕೊಳ್ಳಬೇಕಾಗುತ್ತೆ. ವರ್ಷಕ್ಕೆ ಎರಡು ಸಲ ಪಕ್ಕಾ ದಿನಾಂಕದ ಕಾರ್ಯಕ್ರಮ ಒಪ್ಪಿಕೊಳ್ಳೋದು, ಉಳಿದ ತಿಂಗಳು ಬಿಟ್ಟಿದ್ದಕ್ಕೆ ಕೊರಗದಿರೋದು. ಹವ್ಯಾಸದ ಸೈಜನ್ನೂ ಇಳಿಸಬೇಕು. ಡ್ರಮ್ಸ್, ಆಂಪ್ ಹೊತ್ತು ಸ್ಟುಡಿಯೋ ಬುಕ್ ಮಾಡೋ ಬ್ಯಾಂಡ್ ಮೊದಲ ವರ್ಷದ ಕೆಲಸದಲ್ಲೇ ಸಾಯುತ್ತೆ; ಇಬ್ಬರು ಕೂತು ಹಾಡೋದು ಉಳಿಯುತ್ತೆ. ಸೈಡ್ ಪ್ರಾಜೆಕ್ಟ್ ಕೂಡ ಹಾಗೇ. ಸಾವಿರ ಫೈಲಿನ ಆ್ಯಪಿಗಿಂತ, ಭಾಗವತರಿಗೆ ಬೇಕಾದ ಶ್ರುತಿ ಹಿಡಿಯೋ ಒಂದು ಸಣ್ಣ ಪ್ರೋಗ್ರಾಂ ಮೇಲು. ಯಾಕಂದ್ರೆ ಅದು ಕೈಕೊಟ್ಟರೆ ಭಾಗವತರು ಫೋನ್ ಮಾಡಿ ಬೈತಾರೆ, ಆಗ ನೀವು ಸರಿ ಮಾಡೇ ಮಾಡ್ತೀರಿ! ಊರಲ್ಲಿ ತಾಳಮದ್ದಲೆಯ ಯೂಟ್ಯೂಬ್ ಲೈವ್ ನೋಡಿಕೊಳ್ಳೋ ಅಣ್ಣ ಒಬ್ಬ ಇದ್ದಾನೆ, ಹಗಲು ಮನೆಯಿಂದಲೇ ಕಂಪನಿ ಕೆಲಸ. ಕರೆಂಟ್ ಹೋದ್ರೆ ಬ್ಯಾಟರಿ, ನೆಟ್‌ವರ್ಕ್ ಹೋದ್ರೆ ಗುಡ್ಡದ ಮೇಲೆ ಹಾಕಿದ ಆಂಟೆನಾ. ಅವನಿಗೆ ಅರ್ಥ ಹೇಳೋಕೆ ಬರಲ್ಲ, ಆದ್ರೂ ಅವನಿಲ್ಲದೆ ಈಗ ಆಟ ಶುರು ಆಗಲ್ಲ.

ಇದೆಲ್ಲ ನಾವೇ ಮಾಡಿ ನೋಡೋಣ ಅಂತ ಸೆಮ್ ಮುಗಿದ ವಾರದಲ್ಲಿ ಕ್ಲಬ್ಬಿನಿಂದ ವಾಲಿವಧೆ ಇಟ್ಟುಕೊಂಡಿದ್ದೇವೆ. ಇಂಗ್ಲಿಷ್ ಮೀಡಿಯಮ್ಮಿನ ನಮಗೆ ಪದ್ಯ ಒಂದೇ ಓದಿಗೆ ಅರ್ಥ ಆಗಲ್ಲ, ಅದಕ್ಕೇ ಈಗಿನಿಂದ ಮೆಸ್ಸಿನ ಲೈನಲ್ಲಿ ನಿಂತು ಜಗಳ ಅಭ್ಯಾಸ ನಡೀತಿದೆ. ರಾಮ ಮೆಕ್ಯಾನಿಕಲ್, ವಾಲಿ ಇಸಿ, ತಾರೆ ಸಿವಿಲ್. ಭಾಗವತಿಕೆಗೆ ಜನ ಸಿಕ್ಕಿದ್ದಾರೆ. ಮದ್ದಲೆ ಬಾರಿಸೋಕೆ ಬರೋರು ಯಾವ ಬ್ರಾಂಚಲ್ಲಿದ್ರೂ ಬುಧವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ.