ಮಳೆ ಇಳಿದ ಮೇಲೆ ನದಿ ದಂಡೆಯ ನಡಿಗೆ

ಸೆಪ್ಟೆಂಬರ್ ಕಳೆಯುತ್ತಾ ಬಂದಂತೆ ನೇತ್ರಾವತಿಯ ಕೆಂಪು ನೀರು ತಿಳಿಯಾಗತೊಡಗುತ್ತದೆ. ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರಿನ ಕಡೆ ದಂಡೆಯ ಕಾಲುದಾರಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಮಳೆಗಾಲವಿಡೀ ಮನೆಯೊಳಗೇ ಇದ್ದವರು, ಅದರಲ್ಲೂ ನಮ್ಮ ಮನೆಗಳ ಮಹಿಳೆಯರು ಮತ್ತು ಹಿರಿಯರು, ಜೊತೆಗೂಡಿ ನಡೆಯಲು ಇದು ಒಳ್ಳೆಯ ಕಾಲ.

ಆರೋಗ್ಯ ನಿಂತಿರುವುದು ಆರು ಅಗತ್ಯಗಳ ಮೇಲೆ ಎನ್ನುತ್ತದೆ ಯುನಾನಿ ಶಾಸ್ತ್ರ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೋಗುವುದು. ಮುಂಜಾನೆ ಅರ್ಧ ಗಂಟೆ ನದಿ ಬದಿಯಲ್ಲಿ ನಡೆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಒಮ್ಮೆಗೇ ಪ್ರಯೋಜನ. ಪಕ್ಕದವರೊಡನೆ ಮಾತಾಡಲು ಉಸಿರು ಉಳಿಯುವಷ್ಟು ವೇಗ ಸಾಕು.

ಆದರೆ ಇಬ್ನು ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಈ ಋತುವನ್ನು, ಅಂದರೆ ಖರೀಫನ್ನು, ರೋಗಗಳು ಹೆಚ್ಚುವ ಕಾಲವೆಂದಿದ್ದಾರೆ. (ಮುಂಗಾರು ಬೆಳೆಗೆ ಹೇಳುವ ‘ಖಾರಿಫ್’ ಕೂಡ ಇದೇ ಅರಬಿ ಪದ.) ಬೆಳಗ್ಗೆ ತಂಪು, ಮಧ್ಯಾಹ್ನ ಬಿಸಿಲು; ಈ ಏರಿಳಿತ ದೇಹವನ್ನು ದಣಿಸುತ್ತದೆ ಎಂಬುದು ಅವರು ಕೊಡುವ ಒಂದು ಕಾರಣ. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಕಾರಣ ಕಾಲ ಕೆಳಗಿನ ಕೆಸರಿನಲ್ಲಿದೆ.

ಅದೇ ಇಲಿ ಜ್ವರ. ಇಲಿ, ದನ, ನಾಯಿಗಳ ಮೂತ್ರದ ಮೂಲಕ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ನೀರು, ಕೆಸರು ಸೇರುತ್ತದೆ. ಕಾಲಿನ ಬಿರುಕು, ಗಾಯ ಅಥವಾ ಕಣ್ಣು, ಮೂಗು, ಬಾಯಿಯ ತೆಳು ಪೊರೆಯ ಮೂಲಕ ನಮ್ಮೊಳಗೆ ಬರುತ್ತದೆ. ಆದ್ದರಿಂದ ಬರಿಗಾಲಲ್ಲಿ ಅಥವಾ ಹವಾಯಿ ಚಪ್ಪಲಿಯಲ್ಲಿ ದಂಡೆಗಿಳಿಯಬೇಡಿ, ಮುಚ್ಚಿದ ಶೂ ಧರಿಸಿ. ನಿಂತ ನೀರಿನಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ದಾರಿಯಲ್ಲಿ ವುಝೂ ಬೇಕಾದರೆ ಮನೆಯಿಂದಲೇ ಬಾಟಲಿ ನೀರು ಒಯ್ಯಿರಿ. ಹರಿಯುವ ನದಿ ನೀರು ವುಝೂಗೆ ಶುದ್ಧವೇ, ಅದರಲ್ಲಿ ಸಂಶಯವಿಲ್ಲ. ಆದರೆ ಶುದ್ಧವಾದ ನೀರೆಲ್ಲ ರೋಗಾಣುಮುಕ್ತವಲ್ಲ. ವುಝೂವಿನಲ್ಲಿ ನಾವು ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೂ ನೀರೆಳೆದುಕೊಳ್ಳುತ್ತೇವೆ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು. ಮನೆಗೆ ಬಂದೊಡನೆ ಸಾಬೂನಿನಿಂದ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ.

ಇಲಿ ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ತಿಂಗಳೂ ಹಿಡಿಯುತ್ತದೆ. ಒಮ್ಮೆಲೇ ಜ್ವರ, ಚಳಿ, ತಲೆನೋವು, ಮುಟ್ಟಲಾಗದಷ್ಟು ಮೀನಖಂಡದ ನೋವು, ಕೆಂಪಾದ ಕಣ್ಣು ಇದರ ಲಕ್ಷಣಗಳು. ಬಳಿಕ ಕಣ್ಣು ಹಳದಿಯಾಗಬಹುದು, ಮೂತ್ರ ಕಡಿಮೆಯಾಗಬಹುದು. ಇಲ್ಲಿಯೇ ನಮ್ಮ ಕುಟುಂಬಗಳು ಎಡವುವುದು. ಹಳದಿ ಕಂಡ ಕೂಡಲೇ ಕಾಮಾಲೆಯೆಂದು ಸೊಪ್ಪಿನ ರಸ ಕೊಡುವವರ ಬಳಿ ಓಡುತ್ತಾರೆ, ಪಥ್ಯ ಹಿಡಿದು ಮನೆಯಲ್ಲೇ ಕೂರುತ್ತಾರೆ. ಆ ದಿನಗಳಲ್ಲಿ ಮೂತ್ರಪಿಂಡ ಕೈಕೊಡಬಹುದು, ಜೀವವೂ ಹೋಗಬಹುದು. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಇದಕ್ಕೆ ನನ್ನ ಕಪಾಟಿನ ಅರ್ಕ್, ಶರಬತ್ತುಗಳು ಮದ್ದಲ್ಲ. ಬೇಗ ಆರಂಭಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂತಹ ಆ್ಯಂಟಿಬಯಾಟಿಕ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗಿ, ಕೇಳದಿದ್ದರೂ ವೈದ್ಯರಿಗೆ ಹೇಳಿ: ಕಳೆದ ವಾರ ನದಿ ದಂಡೆಯ ಕೆಸರಿನಲ್ಲಿ ನಡೆದಿದ್ದೆ ಎಂದು.