ಆರು ಮೈಲಿ ಚೌಕದ ಟೌನ್‌ಶಿಪ್: ಹೊಲ ನೆಟ್ಟಗಿದೆ, ಜನ ಎಲ್ಲಿ?

ಹೋದ ವಾರ ನಮ್ಮೂರ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಬಂದ. ಅಮೆರಿಕದ ಗೋಧಿ ಕೊಯ್ಲಿನ ವಿಡಿಯೊ. "ಅಣ್ಣಾ, ಹೊಲ ನೋಡು, ಸ್ಕೇಲ್ ಇಟ್ಟು ಗೆರೆ ಎಳೆದಂಗಿದೆ. ನಮ್ಮ ಬದು ನೋಡಿದ್ರೆ ಹಾವು ಹರಿದಂಗೆ. ಆದ್ರೆ ಒಂದು ಮನೇನೂ ಕಾಣಲ್ವಲ್ಲ, ಜನ ಎಲ್ಲಿ?" ಮೊದಲನೇ ಮಾತಿಗೆ ಉತ್ತರ ಸುಲಭ. ಎರಡನೇದಕ್ಕೆ ಲೆಕ್ಕ ಹಾಕಬೇಕಾಯಿತು.

ನೀವೂ ಫೋನಿನಲ್ಲಿ ಮ್ಯಾಪ್ ತೆಗೆದು ಸ್ಯಾಟಲೈಟ್ ಚಿತ್ರ ಹಾಕಿ, ಕಾನ್ಸಾಸ್ ರಾಜ್ಯದ ಸ್ಮಿತ್ ಸೆಂಟರ್ ಹುಡುಕಿ. ಅದು ಸ್ಮಿತ್ ಕೌಂಟಿಯ ಮುಖ್ಯ ಪಟ್ಟಣ. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಸುತ್ತಲೂ ಚೌಕಗಳು ಕಾಣುತ್ತವೆ. ಒಂದು ರಸ್ತೆಯಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಮೈಲಿ. ಇದು 1785ರ ಭೂ ಕಾನೂನಿನಿಂದ ಶುರುವಾದ ಸರ್ವೆ ಪದ್ಧತಿ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದು 640 ಎಕರೆ. ಒಟ್ಟು 23,040 ಎಕರೆ.

ಸೆಕ್ಷನ್‌ಗಳಿಗೆ ನಂಬರ್ ಕೊಟ್ಟ ರೀತಿ ನನಗೆ ಬಹಳ ಇಷ್ಟ. ಈಶಾನ್ಯ ಮೂಲೆಯಲ್ಲಿ 1, ಅಲ್ಲಿಂದ ಪಶ್ಚಿಮಕ್ಕೆ 6ರವರೆಗೆ. 6ರ ಕೆಳಗೇ 7 ಬರುತ್ತದೆ, ಅಲ್ಲಿಂದ ವಾಪಸ್ ಪೂರ್ವಕ್ಕೆ. ಸಾಲಿನ ಕೊನೆಗೆ ಎತ್ತು ತಿರುಗಿಸಿ ಮತ್ತೆ ಉಳುತ್ತೇವಲ್ಲ, ಹಾಗೇ. ಅಳೆದದ್ದು 66 ಅಡಿಯ ಸರಪಳಿಯಲ್ಲಿ. ಅದರ ಅರ್ಧ 33 ಅಡಿ. 33 ಅಡಿ ಚೌಕವೇ ನಮ್ಮ ಗುಂಟೆ. ಎಕರೆ ಅಲ್ಲೂ ಇಲ್ಲೂ ಒಂದೇ.

ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಹೊಲ ಮೊದಲು, ಸರ್ವೆ ಆಮೇಲೆ. ಹಳ್ಳ, ದಿಣ್ಣೆ, ಅಣ್ಣತಮ್ಮಂದಿರ ಪಾಲು ಹೇಗಿತ್ತೋ ಹಾಗೆ ಗೆರೆ ಬಿತ್ತು. ಅಲ್ಲಿ ಗೆರೆ ಮೊದಲು, ಹೊಲ ಆಮೇಲೆ. ಹಾಗಂತ ಅದು ಖಾಲಿ ಜಾಗ ಅಲ್ಲ. ಪಾನೀ, ಕಾನ್ಸಾ ಎಂಬ ಮೂಲನಿವಾಸಿಗಳ ನೆಲ. ಅವರನ್ನು ಸರಿಸಿಯೇ ಈ ಚೌಕ ಹಾಕಿದ್ದು.

ಈಗ ಜನದ ಲೆಕ್ಕಕ್ಕೆ ಬರೋಣ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆ, ಅಂದರೆ ಕಾಲು ಸೆಕ್ಷನ್. ಷರತ್ತು ಏನಪ್ಪಾ ಅಂದ್ರೆ ಅಲ್ಲೇ ಮನೆ ಕಟ್ಟಿ ಐದು ವರ್ಷ ಇದ್ದು ಉಳುಮೆ ಮಾಡಬೇಕು. ಈ ಷರತ್ತಿನಿಂದಲೇ ಅಲ್ಲಿ ನಮ್ಮ ಹಾಗೆ ಒತ್ತೊತ್ತಾಗಿ ಮನೆ ಇರುವ ಊರು ಬೆಳೆಯಲಿಲ್ಲ. ಪ್ರತಿಯೊಬ್ಬನೂ ತನ್ನ ಹೊಲದಲ್ಲಿ ಒಂಟಿ ಮನೆ. 36 ಸೆಕ್ಷನ್‌ಗೆ ನಾಲ್ಕರಂತೆ 144 ಮನೆ. ಕಾನ್ಸಾಸ್‌ನಲ್ಲಿ 16 ಮತ್ತು 36ನೇ ಸೆಕ್ಷನ್ ಶಾಲೆಗಳ ಖರ್ಚಿಗೆ ಮೀಸಲು, ಅದನ್ನು ಕಳೆದರೂ 136. ಮನೆಗೆ ಐದು ಜನ ಹಿಡಿದರೆ ಒಂದು ಟೌನ್‌ಶಿಪ್‌ಗೆ 680 ಜನ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಸ್ಮಿತ್ ಕೌಂಟಿಯಲ್ಲಿ 25 ಟೌನ್‌ಶಿಪ್ ಇವೆ. 1900ರಲ್ಲಿ ಕೌಂಟಿಯ ಜನಸಂಖ್ಯೆ 16 ಸಾವಿರ ದಾಟಿತ್ತು. ಭಾಗಿಸಿ ನೋಡಿ, ಟೌನ್‌ಶಿಪ್‌ಗೆ 650ರ ಸುಮಾರು. 2020ರ ಜನಗಣತಿಗೆ ಇಡೀ ಕೌಂಟಿಯಲ್ಲಿ ಉಳಿದವರು 3,600 ಕೂಡ ಇಲ್ಲ. ಅದರಲ್ಲೂ ಒಂದೂವರೆ ಸಾವಿರ ಜನ ಸ್ಮಿತ್ ಸೆಂಟರ್ ಪಟ್ಟಣದಲ್ಲೇ. ಮಿಕ್ಕವರನ್ನು ಹಂಚಿದರೆ 23 ಸಾವಿರ ಎಕರೆಗೆ ಎಂಬತ್ತು ಜನ. ನಮ್ಮಲ್ಲಿ ಒಂದು ಬೀದಿಯಲ್ಲಿ ಇದಕ್ಕಿಂತ ಜಾಸ್ತಿ ಇರ್ತಾರೆ!

ಯಾಕೆ ಹೋದರು? ಕುದುರೆ ಕಟ್ಟಿ ಉಳುವಾಗ 160 ಎಕರೆ ಒಂದು ಕುಟುಂಬಕ್ಕೆ ಕೈತುಂಬ ಕೆಲಸ. ಟ್ರ್ಯಾಕ್ಟರ್, ಕಂಬೈನ್ ಬಂದ ಮೇಲೆ ಅದೇ ಕುಟುಂಬ ಹತ್ತು ಪಟ್ಟು ಮಾಡಬಲ್ಲದು. ಮಾಡದಿದ್ದರೆ ಮೆಷಿನ್ ಸಾಲ ತೀರಲ್ಲ. 1930ರ ದಶಕದ ಬರ, ಬಿದ್ದ ಬೆಲೆ ಬಹಳ ಜನರನ್ನು ಎಬ್ಬಿಸಿತು. ಬಿಟ್ಟು ಹೋದವನ ಕಾಲು ಸೆಕ್ಷನ್ ಪಕ್ಕದವನು ಕೊಂಡ. ಚೌಕ ಚೌಕಕ್ಕೆ ಕೂಡಿಸೋದು ಸುಲಭ, ಬದು ತಕರಾರೇ ಇಲ್ಲ. 2022ರಲ್ಲಿ ಅಮೆರಿಕದ ಸರಾಸರಿ ಹಿಡುವಳಿ 463 ಎಕರೆ, ಕೃಷಿಕರ ಸರಾಸರಿ ವಯಸ್ಸು 58.

ಮಕ್ಕಳಿಲ್ಲದೆ ಹಳ್ಳಿಗಾಡಿನ ಪುಟ್ಟ ಶಾಲೆಗಳು ಮುಚ್ಚಿದವು. 1963ರ ಕಾಯ್ದೆ ಕಾನ್ಸಾಸ್‌ನ ಶಾಲಾ ಜಿಲ್ಲೆಗಳನ್ನೇ ಒಟ್ಟುಗೂಡಿಸಿತು. ಶಾಲೆ ದೂರ ಆಯ್ತು ಅಂತ ಮತ್ತಷ್ಟು ಮನೆ ಖಾಲಿ. ರಸ್ತೆ ಮಾತ್ರ ಮೈಲಿಗೊಂದು ಹಾಗೇ ಇದೆ, ಅದನ್ನು ನೋಡಿಕೊಳ್ಳುವ ಖರ್ಚು ಉಳಿದ ಕೆಲವೇ ಮನೆಗಳ ತೆರಿಗೆ ಮೇಲೆ.

ಅಂದಹಾಗೆ ಅಲ್ಲಿ ಗೋಧಿ, ಮೆಕ್ಕೆಜೋಳದ ಜೊತೆ ನಮ್ಮ ಜೋಳವೂ ಬೆಳೆಯುತ್ತದೆ. ಕೆಂಪು ಕಾಳಿನ ಗಿಡ್ಡ ತಳಿ. ಹೆಚ್ಚಿನದು ದನಕ್ಕೆ, ಎಥನಾಲ್‌ಗೆ. ರೊಟ್ಟಿಗಲ್ಲ.

ನಮ್ಮ ಹುಡುಗ ಪಕ್ಕದ ಎರಡೆಕರೆ ಕೊಳ್ಳುವ ಯೋಚನೆಯಲ್ಲಿದ್ದಾನೆ. ಮಾರುವವನು ಅವನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವನು. ಕೊಳ್ಳಬೇಡ ಅಂತ ನಾನು ಹೇಳಲಿಲ್ಲ. ಮ್ಯಾಪ್‌ನಲ್ಲಿ ಒಂದು ಟೌನ್‌ಶಿಪ್ ತೋರಿಸಿ ಮನೆ ಎಣಿಸು ಅಂದೆ. ಹೊಲದ ನಡುವೆ ಅಲ್ಲಲ್ಲಿ ಮರದ ಸಾಲು ಕಾಣುತ್ತದೆ. ಮನೆಗೆ ಗಾಳಿ ತಡೆಯಲಿ ಅಂತ ನೆಟ್ಟವು. ಎಷ್ಟೋ ಕಡೆ ಮರ ಇದೆ, ಮನೆ ಇಲ್ಲ. ಅವನು ಎರಡನ್ನೂ ಬೇರೆ ಬೇರೆ ಎಣಿಸುತ್ತಾ ಕೂತ.