ಮಗಳಿಗೆ ಮಧ್ಯರಾತ್ರಿ ಆಗುವವರೆಗೆ

ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನನ್ನ ವರ್ಡಲ್ ಮುಗಿದಿರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಉತ್ತರ ಗೊತ್ತು, ಹೇಳುವ ಹಾಗಿಲ್ಲ. ಮಗಳಿರುವುದು ನ್ಯೂಜೆರ್ಸಿಯಲ್ಲಿ. ಈ ಆಟದ ಪದ ಬದಲಾಗುವುದು ಆಯಾ ಊರಿನ ಮಧ್ಯರಾತ್ರಿಗೆ. ಮೈಸೂರಿನಲ್ಲಿ ನನಗೆ ಸಿಕ್ಕ ಪದ ಅವಳ ಕೈಗೆ ಬರಲು ಬೇಸಿಗೆಯಲ್ಲಾದರೆ ಒಂಬತ್ತೂವರೆ ಗಂಟೆ ತಡ, ಅವರ ಚಳಿಗಾಲದಲ್ಲಿ ಹತ್ತೂವರೆ. ಒಂದು ದಿನ ಮಾತಿನ ಭರದಲ್ಲಿ ಬಾಯಿಬಿಟ್ಟೆ. "ಅಮ್ಮ, ಇನ್ಮೇಲೆ ನೀನು ಅಲ್ಲಿ ಮಳೆ ಬಂತಾ ಇಲ್ವಾ, ಅಷ್ಟೇ ಹೇಳು" ಎಂದು ಫೋನ್ ಇಟ್ಟಳು. ಆವತ್ತಿನಿಂದ ನನ್ನದು ಸುಳಿವು ಮಾತ್ರ. ಅದೂ ಕನ್ನಡದಲ್ಲಿ.

ಆಟ ಸುಲಭ. ಐದಕ್ಷರದ ಒಂದು ಇಂಗ್ಲಿಷ್ ಪದ, ಊಹಿಸಲು ಆರು ಸಾಲು. ಅಕ್ಷರ ಸರಿಯಾದ ಜಾಗದಲ್ಲಿ ಕೂತರೆ ಹಸಿರು, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ದಿನಕ್ಕೆ ಒಂದೇ.

ಇದನ್ನು ಮಾಡಿದವರು ವೇಲ್ಸ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದ ಜೋಶ್ ವಾರ್ಡಲ್ ಎಂಬ ಸಾಫ್ಟ್‌ವೇರ್ ಇಂಜಿನಿಯರ್. ಪದದಾಟವೆಂದರೆ ಪ್ರಾಣ ಬಿಡುವ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ್ದು. 2021ರ ನವೆಂಬರ್ 1ರಂದು ಆಡುತ್ತಿದ್ದವರು 90 ಜನ. ಎರಡು ತಿಂಗಳಿಗೆ ಮೂರು ಲಕ್ಷ. 2022ರ ಜನವರಿ ಮುಗಿಯುವ ಹೊತ್ತಿಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಟವನ್ನೇ ಕೊಂಡುಕೊಂಡಿತು. ನನಗೆ ಇಷ್ಟವಾದ ಸಂಗತಿ ಬೇರೆ. ಇಂಗ್ಲಿಷಿನಲ್ಲಿರುವ ಸುಮಾರು 12,000 ಐದಕ್ಷರದ ಪದಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ, ಉತ್ತರಕ್ಕೆಂದು ಸುಮಾರು 2,300 ಪದ ಉಳಿಸಿಕೊಟ್ಟವರು ಪಲಕ್. ಹಾಗಾಗಿ ಉತ್ತರಗಳು ಬಹುಪಾಲು ನಿತ್ಯದ ಮಾತುಗಳೇ. ನಿಘಂಟಿನ ಮೂಲೆಯಲ್ಲಿ ಧೂಳು ಹಿಡಿದ ಪದಕ್ಕಾಗಿ ತಡಕಾಡಿದವರು ಕೆಟ್ಟರು.

ಆದರೂ ಯಾರ ನಿತ್ಯದ ಮಾತು ಎನ್ನುವ ತಕರಾರು ಇದ್ದೇ ಇದೆ. ಒಮ್ಮೆ ಉತ್ತರ 'ಫೇವರ್' ಆಗಿತ್ತು, ಅಮೆರಿಕದ ಕಾಗುಣಿತದಲ್ಲಿ. 'ಯು' ಬಿಟ್ಟು ಬರೆದರೆ ನಮ್ಮ ಹೈಸ್ಕೂಲಿನ ಮೇಷ್ಟ್ರು ಅರ್ಧ ಮಾರ್ಕು ಕತ್ತರಿಸುತ್ತಿದ್ದರು. 2022ರ ಮೇನಲ್ಲಿ 'ಹೋಮರ್' ಬಂತು. ಗ್ರೀಕ್ ಕವಿ ಇಲ್ಲಿಗೇಕೆ ಬಂದ ಎಂದುಕೊಂಡರೆ, ಅದು ಬೇಸ್‌ಬಾಲಿನ ಹೋಮ್ ರನ್! ನನ್ನ ಹಾಗೆ ಕಂಗೆಟ್ಟವರು ಎಷ್ಟು ಜನ ನಿಘಂಟು ತೆರೆದರೆಂದರೆ, ಕೇಂಬ್ರಿಜ್ ನಿಘಂಟು ಅದನ್ನೇ ಆ ವರ್ಷದ ಪದವೆಂದು ಸಾರಿತು.

ಸುಳಿವು ಕೊಡುವುದು ಉತ್ತರ ಹುಡುಕುವುದಕ್ಕಿಂತ ಕಷ್ಟ. 'ನೋಲ್' ಎಂಬ ಪದ ಬಂದ ದಿನ "ದಿಬ್ಬ" ಎಂದು ಕಳಿಸಿದ್ದೆ. ಅವಳು 'ಮೌಂಡ್' ಹೊಡೆದಳು. ಅದೂ ದಿಬ್ಬವೇ, ಅದೂ ಐದಕ್ಷರವೇ. ತಪ್ಪು ನನ್ನದು. ಅರ್ಥವನ್ನು ಹಾಗೇ ಅನುವಾದ ಮಾಡಿ ಕೊಟ್ಟರೆ ಸುಳಿವಾಗುವುದಿಲ್ಲ. ಆಮೇಲೆ "ಮೊದಲ ಅಕ್ಷರ ಮೌನವ್ರತದಲ್ಲಿದೆ, ಕೊನೆಯದು ಜೋಡಿ" ಎಂದೆ. ಬರೆಯುವಾಗ ಮಾತ್ರ ಇರುವ ಆ 'ಕೆ' ಅವಳಿಗೆ ಹೊಳೆಯಿತು. ಈಗ ಮೊದಲು ಸ್ವರ ಎಷ್ಟು, ಯಾವುದಾದರೂ ಅಕ್ಷರ ಎರಡು ಸಲ ಬಂದಿದೆಯೇ, ಇಷ್ಟೇ ಹೇಳುತ್ತೇನೆ. ಅರ್ಥದ ತಂಟೆಗೆ ಹೋಗುವುದು ಅವಳು ನಾಲ್ಕನೇ ಸಾಲಿಗೆ ಬಂದಾಗ.

ವಿದ್ಯೆ ಒಂದೇ ದಿಕ್ಕಿನದಲ್ಲ. ಒಂದು ದಿನ ಎರಡನೇ ಸಾಲಿನಲ್ಲೇ 'ಲೈಟ್' ಹೊಡೆದೆ: 'ಎಲ್' ಬೂದು, ಉಳಿದ 'ಐಜಿಎಚ್‌ಟಿ' ನಾಲ್ಕೂ ಹಸಿರು. ಗೆದ್ದೆ ಎಂದುಕೊಂಡು ಒಂದು ಗುಟುಕು ಕಾಫಿ ಕುಡಿದೆ. ಫೈಟ್ ಅಲ್ಲ. ಮೈಟ್ ಅಲ್ಲ. ರೈಟ್ ಅಲ್ಲ. ಸೈಟ್, ಅದೂ ಅಲ್ಲ. ಆರು ಸಾಲೂ ಮುಗಿದವು. ಉತ್ತರ 'ಟೈಟ್'.

ಮಗಳು ಮಾರನೇ ದಿನ ತಿಳಿಸಿಕೊಟ್ಟಳು. "ಮೂರನೇ ಸಾಲಲ್ಲಿ ಗೆಲ್ಲೋಕೆ ಹೋಗ್ಬೇಡಮ್ಮ, ಸೋಸೋಕೆ ಹೋಗು. 'ಫರ್ಮ್ಸ್' ಅಂತ ಹೊಡಿ." ಎಫ್, ಐ, ಆರ್, ಎಂ, ಎಸ್. ಬಹುವಚನವಾದ್ದರಿಂದ ಅದು ಉತ್ತರವಾಗುವ ಸಂಭವ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಒಂದೇ ಏಟಿಗೆ ನಾಲ್ಕು ಅನುಮಾನ ತೀರುತ್ತದೆ. 'ಎಫ್' ಹಸಿರಾದರೆ ಫೈಟ್. ಆರ್, ಎಂ, ಎಸ್‌ಗಳಲ್ಲಿ ಒಂದು ಹಳದಿಯಾದರೆ ಅದರಿಂದ ಶುರುವಾಗುವ ಪದ. ಮೂರೂ ಬೂದು, 'ಎಫ್' ಕೂಡ ಬೂದು ಎಂದಾದರೆ ನಿತ್ಯದ ಪದಗಳಲ್ಲಿ ಉಳಿಯುವುದು 'ಏಟ್', 'ನೈಟ್' ಮತ್ತು 'ಟೈಟ್' ಮೂರೇ, ಕೈಯಲ್ಲಿ ಇನ್ನೂ ಮೂರು ಸಾಲು. ಸಿಕ್ಕ ಹಸಿರನ್ನು ಬಿಟ್ಟುಕೊಡಬಾರದೆಂಬ 'ಹಾರ್ಡ್ ಮೋಡ್' ಹಾಕಿಕೊಂಡವರಿಗೆ ಮಾತ್ರ ಈ ಉಪಾಯ ನಡೆಯದು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಲೆಕ್ಕ ಮಾಡಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಕನ್ನಡದಲ್ಲೇ ಇಂಥದ್ದು ಆಡೋಣವೆಂದು ಇಬ್ಬರೂ ಹಾಳೆಯ ಮೇಲೆ ಮನೆ ಗೀಚಿ ನೋಡಿದ್ದೆವು. 'ಸ್ತ್ರೀ' ಪದಬಂಧದಲ್ಲಿ ಒಂದೇ ಮನೆ. ಅವಳು 'ಸ' ಊಹಿಸಿದರೆ ನಾನು ಯಾವ ಬಣ್ಣ ಕೊಡಲಿ? ಒತ್ತಕ್ಷರಕ್ಕೊಂದು, ದೀರ್ಘಕ್ಕೊಂದು ಬಣ್ಣ ಹಂಚುತ್ತಾ ಹೋಗಿ ಹಾಳೆ ಹೋಳಿಯಾಯಿತು. ಜಗಳ ಇನ್ನೂ ಇತ್ಯರ್ಥವಾಗಿಲ್ಲ.

ಇವತ್ತಿನದು ಮೂರನೇ ಸಾಲಿಗೆ ಬಂತು. "ಎರಡು ಸ್ವರ, ಜೋಡಿ ಇಲ್ಲ" ಎಂದು ಕಳಿಸಿ, ಅವರೆಕಾಯಿ ಸುಲಿಯುತ್ತಾ ಕೂತಿದ್ದೇನೆ. ಹತ್ತೂವರೆಗೆ ಅವಳಿಗೆ ಮಧ್ಯರಾತ್ರಿ. ಮಲಗೇ ಎಂದರೆ ಮಲಗುವವಳಲ್ಲ. ಹತ್ತು ಮೂವತ್ತೈದಕ್ಕೆಲ್ಲ ಬಣ್ಣದ ಚೌಕಗಳು ಬಂದು ಬೀಳುತ್ತವೆ.